ಯಾರ ಕೈಗೆ

ಮಗುವಿನ ಮೈಬಣ್ಣ ಯಾವುದಾದರೆ ಆದೀತು ಎಂಬ ಪ್ರಶ್ನೆಯ ಮುಂದೆ ನಾಲ್ಕು ಚೌಕಗಳಿದ್ದವು. ಗಿರಿಜಾಂಬಿಕಾ ಬೆಳಗಿನ ಕಾಫಿ ಆರಿ ಕೆನೆಗಟ್ಟುವ ತನಕ ಅವನ್ನೇ ನೋಡುತ್ತ ಕೂತಿದ್ದಳು. ಹಿಂದಿನ ಪುಟದಲ್ಲಿ ಗಂಡೋ ಹೆಣ್ಣೋ ಎಂಬುದಕ್ಕೆ, ಅದರ ಹಿಂದಿನದರಲ್ಲಿ ಎಷ್ಟು ತಿಂಗಳೊಳಗಿನದು ಎಂಬುದಕ್ಕೆ ಗುರುತು ಹಾಕುವಾಗ ಕೈ ತಡೆದಿರಲಿಲ್ಲ. ಇಲ್ಲಿ ತಡೆಯಿತು. ಅಂಗಳದಾಚೆ ತಮ್ಮ ಮಲ್ಲೇಶನ ಗೋದಾಮಿನಲ್ಲಿ ಕಾಯಿ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರು. ಸಾಲಾಗಿ ಕೂತ ಹೆಂಗಸರು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ, ಬಣ್ಣ ನೋಡಿ, ಸುಕ್ಕು ನೋಡಿ, ಬೇರೆ ಬೇರೆ ರಾಶಿಗೆ ಎಸೆಯುತ್ತಿದ್ದ ಸದ್ದು ಒಂದೇ ಸಮ ಕೇಳುತ್ತಿತ್ತು. ತಾನೂ ಅದನ್ನೇ ಮಾಡುತ್ತಿದ್ದೇನೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಕೈ ಎರಡನೆಯ ಚೌಕದ ಹತ್ತಿರವೇ ಸುಳಿಯುತ್ತಿತ್ತು, ಯಾಕೆಂದರೆ ಎರಡನೆಯದು ಅವಳ ಬಣ್ಣ. ತನ್ನ ಹಾಗೆ ಕಾಣುವ ಮಗುವೊಂದು ತನ್ನ ತೋಳಲ್ಲಿದ್ದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಯಾರೂ ಏನೂ ಕೇಳುವುದಿಲ್ಲ.

ದೇಶ ಬಿಟ್ಟು ಹೋದವರು ಇಲ್ಲಿಂದ ಮಗುವನ್ನು ದತ್ತು ಪಡೆಯಬೇಕಾದರೆ ತಾವಿರುವ ದೇಶದ, ಒಪ್ಪಿಗೆ ಪಡೆದ ಏಜೆನ್ಸಿಯೊಂದರ ಮೂಲಕವೇ ಬರಬೇಕು. ಹನ್ನೊಂದು ವರ್ಷದಿಂದ ಕೆನಡಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗಿರಿಜಾಂಬಿಕಾ ಅಲ್ಲಿಯ ಏಜೆನ್ಸಿಗಳನ್ನೆಲ್ಲ ಜಾಲಿಸಿ ಕಡೆಗೆ ಎರಡನ್ನು ಉಳಿಸಿಕೊಂಡಿದ್ದಳು. ಮನಸ್ಸಿನಲ್ಲಿ ಒಂದಕ್ಕೆ ದೊಡ್ಡದು, ಇನ್ನೊಂದಕ್ಕೆ ಚಿಕ್ಕದು ಎಂದು ಹೆಸರಿಟ್ಟಿದ್ದಳು. ಆರು ವಾರದ ರಜೆಯಲ್ಲಿ ತಿಪಟೂರಿಗೆ ಬಂದಿದ್ದೇ ಕಾಗದಪತ್ರಗಳಿಗಾಗಿ. ಇನ್ನು ಒಂಬತ್ತು ದಿನಕ್ಕೆ ಅವಳಿಗೆ ನಲವತ್ತು ತುಂಬುತ್ತದೆ. ಅದರೊಳಗೆ ಅರ್ಜಿ ದಾಖಲಾದರೆ ಒಂಟಿ ಹೆಂಗಸಿಗೂ ಎರಡು ವರ್ಷದೊಳಗಿನ ಕೂಸು ಸಿಕ್ಕಬಹುದು; ದಾಟಿದರೆ ಅದಕ್ಕಿಂತ ದೊಡ್ಡ ಮಗುವೇ. ಇವತ್ತು ಸಂಜೆ ಸಹಿ ಹಾಕಿದರೆ ಈ ವಾರದಲ್ಲೇ ದಾಖಲು ಮಾಡುತ್ತೇವೆ ಎಂದು ದೊಡ್ಡದು ಬರೆದಿತ್ತು. ಚಿಕ್ಕದು ಅವಸರದ ಮಾತೇ ಆಡಿರಲಿಲ್ಲ. ಮೊದಲು ಮೂರು ಸಲ ಕೂತು ಮಾತಾಡೋಣ, ಆಮೇಲೆ ಅರ್ಜಿ ಎಂದಿತ್ತು. ಅಷ್ಟೇ ಅಲ್ಲ, ಊರಿನ ಮನೆಯವರೊಬ್ಬರು ಇದರ ಬಗ್ಗೆ ಏನೆನ್ನುತ್ತಾರೆಂದು ಅವರ ಬಾಯಿಂದಲೇ ಕೇಳಬೇಕು ಎಂದಿತ್ತು. ದೊಡ್ಡದಕ್ಕೆ ಒಂದು ಕಾಗದ ಸಾಕು. ಅದರ ಒಕ್ಕಣೆಯನ್ನೂ ಅವರೇ ಕಳಿಸಿದ್ದರು. ಕೆಳಗೆ ಅಪ್ಪ ಶಂಭುಲಿಂಗಯ್ಯನ ಸಹಿಯಷ್ಟೇ ಬೇಕಿತ್ತು.

ಆ ಸಹಿ ಬೆಳಿಗ್ಗೆಯೇ ಇಲ್ಲವೆಂದಾಗಿತ್ತು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಜಗುಲಿಯಲ್ಲಿ ಕೂತಿದ್ದ ಅಪ್ಪನಿಗೆ ಅವಳು ಇಂಗ್ಲಿಷಿನ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದ್ದಳು. ಬರಲಿರುವ ಮೊಮ್ಮಗುವಿಗಾಗಿ ನಮ್ಮ ಕುಟುಂಬ ಸಂತೋಷದಿಂದ ಕಾಯುತ್ತಿದೆ ಎಂಬಲ್ಲಿ ಅಪ್ಪ ಕೈ ಎತ್ತಿ ನಿಲ್ಲಿಸಿದರು. ಎಪ್ಪತ್ತೆಂಟು ವರ್ಷದ, ಕೊಬ್ಬರಿ ವ್ಯಾಪಾರದಲ್ಲಿ ಒಂದು ಮಾತಿಗೆ ಇನ್ನೊಂದು ಮಾತು ಸೇರಿಸದೆ ಬಾಳಿದ ಮನುಷ್ಯ. ಬೈಯಲಿಲ್ಲ, ಜಾತಿ ಕುಲ ಎತ್ತಲಿಲ್ಲ. "ಹಂಗ್ ಅನ್ಸಲ್ಲ ಕಣಮ್ಮ ನಂಗೆ. ಅನ್ಸದೆ ಇರೋದ್ನ ಬರ್ದು ಸಹಿ ಹಾಕು ಅಂದ್ರೆ ಹೆಂಗೆ?" ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಮಲ್ಲೇಶನ ಹೆಂಡತಿ ಸೌಮ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಆಮೇಲೆ ಹತ್ತಿರ ಬಂದು, ಮಾವನ ಸಹಿ ತನಗೆ ಬರುತ್ತದೆ, ಬ್ಯಾಂಕಿನದೂ ಎಷ್ಟೋ ಸಲ ತಾನೇ ಹಾಕಿದ್ದೇನೆ, ಬೇಕಾದರೆ ಹಾಕಿಕೊಡುತ್ತೇನೆ ಎಂದು ಪಿಸುಗುಟ್ಟಿದಳು. ಗಿರಿಜಾಂಬಿಕಾ ಬೇಡವೆನ್ನಲಿಲ್ಲ. ನೋಡೋಣ ಎಂದಳು. ನೋಡೋಣ ಎಂದದ್ದು ತಾಲ್ಲೂಕು ಕಚೇರಿಯ ಎದುರಿನ ನೋಟರಿಯ ಅಂಗಡಿಯವರೆಗೂ ಅವಳ ಹಿಂದೆಯೇ ನಡೆದು ಬಂತು.

ಅಲ್ಲಿ ಅರ್ಜಿಯ ಅಫಿಡವಿಟ್ಟು ಟೈಪು ಮಾಡುವ ಹುಡುಗಿ ತಲೆಯೆತ್ತದೆ, ಕೂತವರಿಗೆಲ್ಲ ಕೇಳುವ ಹಾಗೆ, ವಿಚ್ಛೇದಿತೆ ಅಂತ ಹಾಕ್ಲಾ ಮೇಡಂ, ಅವಿವಾಹಿತೆ ಅಂತ ಹಾಕ್ಲಾ ಎಂದು ಕೇಳಿದಳು. ಬೆಂಚಿನ ಮೇಲಿದ್ದ ನಾಲ್ಕು ಜನ ಒಟ್ಟಿಗೆ ತಿರುಗಿ ನೋಡಿದರು. ವಿಚ್ಛೇದಿತೆ ಎಂದು ಹೇಳುವಾಗ ತುರುವೇಕೆರೆಯ ಆ ಮನೆಯ ನಡುಮನೆ, ನಾಲ್ಕು ವರ್ಷ ಪ್ರತಿ ತಿಂಗಳೂ ಅತ್ತೆ ಕ್ಯಾಲೆಂಡರಿನ ಕಡೆ ನೋಡುತ್ತಿದ್ದ ರೀತಿ, ಎಲ್ಲ ಒಮ್ಮೆಲೇ ಬಂದು ಹೋಯಿತು. ಟೈಪಿನವಳು ಇನ್ನೊಂದು ತಕರಾರು ತೆಗೆದಳು. ಪಾಸ್‌ಪೋರ್ಟಿನಲ್ಲಿ ಗಿರಿಜಾಂಬಿಕಾ, ಹೈಸ್ಕೂಲಿನ ಅಂಕಪಟ್ಟಿಯಲ್ಲಿ ಗಿರಿಜಾಂಬ. ಎರಡೂ ಒಬ್ಬಳೇ ಎನ್ನುವುದಕ್ಕೆ ಓದಿದ ಶಾಲೆಯ ದಾಖಲೆ ಬೇಕು. ಓದಿದ್ದು ಹೊನ್ನವಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿದ್ದುಕೊಂಡು.

ಹೊನ್ನವಳ್ಳಿಗೆ ಹೊರಟಳು. ಬಸ್ಸಿನಲ್ಲಿ ಎಡಗಡೆಯ ಕಿಟಕಿಯಲ್ಲಿ ಕೂತಳು, ಆಮೇಲೆ ಎದ್ದು ಬಲಗಡೆಗೆ ಹೋದಳು. ಊರಿನ ಬಸ್ ಸ್ಟಾಪು ಎಡಗಡೆಗೆ ಬರುತ್ತದೆ. ಅಲ್ಲಿ ಲಕ್ಷ್ಮಿದೇವಮ್ಮನ ತಟ್ಟೆ ಇಡ್ಲಿ ಹೋಟೆಲಿದೆ. ಹನ್ನೊಂದು ವರ್ಷದಲ್ಲಿ ಐದು ಸಲ ಊರಿಗೆ ಬಂದಾಗಲೂ ಈ ರಸ್ತೆಯಲ್ಲಿ ಹೋಗುವಾಗ ಅವಳು ಮುಖವನ್ನು ಬಲಕ್ಕೆ, ತೆಂಗಿನ ಸಾಲುಗಳ ಕಡೆಗೆ, ತಿರುಗಿಸಿಕೊಂಡೇ ಹೋಗಿದ್ದಳು. ಸಾಲುಗಳ ನಡುವಿನ ಬಿಸಿಲು ಬಸ್ಸಿನೊಂದಿಗೆ ಓಡಿ ಬರುತ್ತಿತ್ತು. ಹದಿನೇಳು ವರ್ಷದ ಹಿಂದೆ, ಅವಳಿಗಿನ್ನೂ ಇಪ್ಪತ್ತೆರಡಿದ್ದಾಗ, ನಡೆದದ್ದು. ಅವಳು ಆಗ ಕೆಲಸಕ್ಕಿದ್ದ ತಿಪಟೂರಿನ ನರ್ಸಿಂಗ್ ಹೋಮ್ ಈಗಿಲ್ಲ, ಕಟ್ಟಡದಲ್ಲಿ ಮೊಬೈಲು ಅಂಗಡಿಗಳಿವೆ. ಡಾಕ್ಟರು ಸತ್ತು ಆರು ವರ್ಷ. ಅಲ್ಲಿಗೆ ಹೊನ್ನವಳ್ಳಿಯ ಹದಿನೆಂಟರ ಹುಡುಗಿಯೊಬ್ಬಳನ್ನು ಅವಳ ಅಪ್ಪ ಕತ್ತಲಾದ ಮೇಲೆ ಕರೆತಂದಿದ್ದ, ಮದುವೆಯಾಗಿರಲಿಲ್ಲ. ಹೆಣ್ಣು ಕೂಸು. ಮೂರನೆಯ ದಿನ ಮಧ್ಯಾಹ್ನ ಡಾಕ್ಟರು, ಗಿರಿಜಾ, ಇದನ್ನು ಹಿಂದಿನ ಮೆಟ್ಟಿಲಲ್ಲಿ ಇಳಿಸಿಕೊಂಡು ಹೋಗಿ ಕಾರಿನಲ್ಲಿರುವವರಿಗೆ ಕೊಟ್ಟು ಬಾ ಎಂದರು. ಯಾವ ಕಾಗದವೂ ಇರಲಿಲ್ಲ, ಯಾವ ಸಹಿಯೂ ಇರಲಿಲ್ಲ. ಅವಳು ಕೊಟ್ಟು ಬಂದಳು. ಮೇಲೆ ಬಂದಾಗ ಎಚ್ಚರವಾಗಿದ್ದ ಹುಡುಗಿ, ರವಿಕೆಯ ಎದೆಯೆಲ್ಲ ಹಾಲಿನಿಂದ ಒದ್ದೆಯಾಗಿ, ಸಿಸ್ಟ್ರೇ, ಯಾರ್ ಕೈಗೆ ಕೊಟ್ರಿ ಎಂದು ಕೇಳಿದಳು. ಗಿರಿಜಾಂಬಿಕಾ ಡ್ರಿಪ್ಪಿನ ಬಾಟಲಿಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು. ಎರಡು ತಿಂಗಳ ನಂತರ ಡಾಕ್ಟರು ಅವಳಿಗೊಂದು ಅನುಭವ ಪತ್ರ ಬರೆದುಕೊಟ್ಟರು. ತುಂಬ ನಂಬಿಕಸ್ಥ ಹುಡುಗಿ ಎಂದು ಅದರಲ್ಲಿತ್ತು. ಬೆಂಗಳೂರಿನ ಆಸ್ಪತ್ರೆ, ಆಮೇಲೆ ಕೆನಡಾ, ಎಲ್ಲದರ ಮೊದಲ ಮೆಟ್ಟಿಲು ಆ ಪತ್ರ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಇರಲಿಲ್ಲ, ಒಂದು ಗಂಟೆ ಬಿಟ್ಟು ಬನ್ನಿ ಎಂದರು. ಒಂದು ಗಂಟೆ ಎಲ್ಲಿರುವುದೆಂದು ತಿಳಿಯದೆ ಅವಳು ಬಸ್ ಸ್ಟಾಪಿನಾಚೆಯ ಬಿಸಿಲಲ್ಲಿ, ಹೋಟೆಲಿಗೆ ಬೆನ್ನು ಹಾಕಿ, ಫೋನಿನಲ್ಲಿ ಏನೋ ಓದುವವಳಂತೆ ನಿಂತಳು. ಪರದೆಯ ಮೇಲೆ ದೊಡ್ಡದರ ಹೊಸ ಸಂದೇಶವಿತ್ತು: ಸಂಜೆ ಆರೂವರೆಗೆ ಕರೆ, ಸಹಿ ಸಿದ್ಧವಿರಲಿ. ಹಿಂದಿನಿಂದ ಹೆಂಗಸಿನ ದನಿ ಬಂತು.

"ಸಿಸ್ಟ್ರೇ, ಬಿಸ್ಲಲ್ಲಿ ಯಾಕ್ ನಿಂತಿದೀರಾ. ಒಳಿಕ್ ಬನ್ನಿ."

ಆ ದನಿ ಕೇಳಿ ಹದಿನೇಳು ವರ್ಷವಾಗಿತ್ತು. ಸಿಸ್ಟ್ರೇ ಎಂದಳಲ್ಲ, ಹೆಸರು ಹಿಡಿದು ಕರೆದಿದ್ದರೆ ಕೇಳಿಸಲಿಲ್ಲವೆಂದು ನಟಿಸಬಹುದಿತ್ತೇನೋ. ಹೋಟೆಲಿನಲ್ಲಿ ಯಾರೂ ಇರಲಿಲ್ಲ. ಬೆಳಗಿನ ಗಿರಾಕಿಗಳು ಮುಗಿದು, ತೊಳೆದ ತಟ್ಟೆಗಳನ್ನು ಗೋಡೆಗೆ ಒರಗಿಸಿತ್ತು. ಲಕ್ಷ್ಮಿದೇವಮ್ಮ ತುಂಬಿಕೊಂಡಿದ್ದಳು, ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು. ಗಂಡ ದಿನಸಿ ತರಲು ತಿಪಟೂರಿಗೆ ಹೋಗಿದ್ದಾನೆ, ಮಕ್ಕಳಿಬ್ಬರೂ ಶಾಲೆಯಲ್ಲಿ ಎಂದು ಕೇಳದೆಯೇ ಹೇಳಿದಳು. ನೀರಿನ ಲೋಟ ಮುಂದಿಟ್ಟು, ಮತ್ತೆ ಹೋಗಿ ಈಳಿಗೆಮಣೆಯ ಮುಂದೆ ಕೂತು ಈರುಳ್ಳಿ ಹೆಚ್ಚತೊಡಗಿದಳು. ನೀವು ಬಸ್ಸಿನಲ್ಲಿ ಆ ಕಡೆ ಮುಖ ಮಾಡಿಕೊಂಡು ಹೋಗೋದನ್ನು ಮೂರು ಸಲ ನೋಡಿದ್ದೇನೆ ಎಂದಳು. ದೂರಿನ ದನಿಯಿರಲಿಲ್ಲ; ಹೋದ ವರ್ಷ ಮಳೆ ತಡವಾಯಿತು ಎನ್ನುವ ಹಾಗೆ ಹೇಳಿದಳು.

ಗಿರಿಜಾಂಬಿಕಾ ನೀರು ಕುಡಿಯಲಿಲ್ಲ. ಕುಡಿದರೆ ಎದ್ದು ಹೋಗಿಬಿಡುತ್ತೇನೆಂದು ಗೊತ್ತಿತ್ತು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕಾರಿನಿಂದ ಶುರು ಮಾಡಿದಳು. ಬಿಳಿ ಕಾರು, ಅರಸೀಕೆರೆ ರಸ್ತೆಯ ಕಡೆಗೆ ಮುಖ ಮಾಡಿ ನಿಂತಿತ್ತು. ಒಳಗಿದ್ದ ಹೆಂಗಸಿಗೆ ಮೂವತ್ತೈದಿರಬಹುದು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಮಾತು ದಾವಣಗೆರೆ ಕಡೆಯದಿತ್ತು. ಜೊತೆಗಿದ್ದ ಗಂಡಸು ಕೈಮುಗಿದ. ಇಷ್ಟೇ ತನಗೆ ಗೊತ್ತಿರುವುದು, ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ಹೆದರಿದ್ದೆ ಎಂದಳು. ಈಳಿಗೆಮಣೆಯ ಸದ್ದು ನಿಂತಿತ್ತು.

"ಅಳ್ತಿತ್ತಾ?"

"ಇಲ್ಲ. ನಿದ್ದೆ ಮಾಡ್ತಿತ್ತು."

"ಆ ಯಮ್ಮ ಹೆಂಗೆ ಎತ್ಕಂಡ್ಳು?"

ಗಿರಿಜಾಂಬಿಕಾ ತನಗರಿವಿಲ್ಲದೆ ಎಡಗೈ ಮಡಚಿದಳು, ಮೊಣಕೈಯ ಸಂದಿಯಲ್ಲಿ ತಲೆ ಬರುವ ಹಾಗೆ, ಬಲಗೈ ಕೆಳಗೆ ಆನಿಸಿ. ಹೀಗೆ ಎತ್ತಿಕೊಂಡಳು, ಎತ್ತಿಕೊಂಡ ಮೇಲೆ ಕಾರಿನ ಕಿಟಕಿಯಿಂದ ಬಿಸಿಲು ಬೀಳುತ್ತಿದ್ದದ್ದಕ್ಕೆ ಸೆರಗನ್ನು ಹೀಗೆ ಅಡ್ಡ ಹಿಡಿದಳು ಎಂದಳು. ಲಕ್ಷ್ಮಿದೇವಮ್ಮ ಆ ಖಾಲಿ ತೋಳನ್ನು ನೋಡುತ್ತಿದ್ದಳು, ಅದರಲ್ಲಿ ಏನೋ ಇದೆ ಎಂಬ ಹಾಗೆ. ಗಿರಿಜಾಂಬಿಕಾಗೆ ತೋಳು ಇಳಿಸಲು ಆಗಲಿಲ್ಲ. ಹದಿನೇಳು ವರ್ಷದಿಂದ ಆ ಮೊಣಕೈಯ ಸಂದಿಯಲ್ಲಿ ಅದೇ ತೂಕ ಕೂತಿತ್ತೆಂದು, ತಾನು ಬೇಡುತ್ತಿದ್ದ ಎರಡು ವರ್ಷದೊಳಗಿನ ಕೂಸು ಬೇರೆ ಯಾವುದೂ ಅಲ್ಲ, ಮೆಟ್ಟಿಲಿಳಿಸಿದ ಅದೇ ಕೂಸನ್ನು ಮತ್ತೆ ಮೇಲೆ ಹತ್ತಿಸಿ ತರುವ ಆಸೆಯೆಂದು, ಈ ಹೋಟೆಲಿನ ಬೆಂಚಿನ ಮೇಲೆ ಅವಳಿಗೆ ತಟ್ಟನೆ ಹೊಳೆಯಿತು. ಹೊಳೆದ ಮೇಲೆ ತೋಳು ತಾನಾಗಿ ಇಳಿಯಿತು.

ತಾನು ಬಂದಿರುವ ಕಾರಣವನ್ನೂ ಹೇಳಿದಳು. ಬಿಟ್ಟುಬಿಡಬಹುದಿತ್ತು, ಆದರೆ ಈಗ ಅರ್ಧ ಹೇಳಿ ಅರ್ಧ ನುಂಗುವುದು ಸಾಧ್ಯವಿರಲಿಲ್ಲ. ಎರಡು ಏಜೆನ್ಸಿಗಳು, ಸಂಜೆಯ ಸಹಿ, ಒಂಬತ್ತು ದಿನ. ಲಕ್ಷ್ಮಿದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಯೋ ಏನೋ ಹೇಳುವಂತಿರಲಿಲ್ಲ.

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಇವತ್ತಾದ್ರೂ ಬಂದು ಹೇಳುದ್ರಲ್ಲ, ಅಷ್ಟು ಸಾಕು ಬುಡಿ. ನೀವು ತಗಳೋ ಮಗೀಗೂ ಹೆತ್ತೋಳು ಒಬ್ಳು ಇರ್ತಾಳಲ್ಲ ಸಿಸ್ಟ್ರೇ. ಅವಳು ಒಂದಿನ ಬಂದು ಕೇಳುದ್ರೆ ಬಾಯಿಬಿಟ್ಟು ಹೇಳೋರು ಇರ್ತಾರಾ? ಅದ್ನ ಕೇಳಿ ಅವ್ರನ್ನ. ಬ್ಯಾರೆ ಏನೂ ಕೇಳಬ್ಯಾಡಿ."

ಶಾಲೆಯ ದಾಖಲೆ ಹಿಡಿದು ತಿಪಟೂರಿಗೆ ಮರಳಿದಾಗ ಮೂರು ಗಂಟೆ. ಬಸ್ಸಿನಲ್ಲಿ ಯಾವ ಕಡೆ ಕೂತಿದ್ದೆನೆಂದು ಅವಳಿಗೆ ನೆನಪಿಲ್ಲ. ಆರೂವರೆಗೆ ಸರಿಯಾಗಿ ದೊಡ್ಡದರ ಕರೆ ಬಂತು. ಪರದೆಯ ಮೇಲೆ ನಗುಮುಖದ, ಇಸ್ತ್ರಿ ಮಾಡಿದ ಅಂಗಿಯ ಗಂಡಸು. ಅಲ್ಲಿ ಬೆಳಗಿನ ಒಂಬತ್ತು. ಅವನು ಅವಳ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಹೆಸರನ್ನೇ ಬಿಟ್ಟ. ಅಪ್ಪನ ಸಹಿಯ ವಿಷಯ ಬಂದಾಗ, ಯಾರ ಸಹಿಯಾದರೂ ಸರಿ, ಫೋನು ಮಾಡಿ ಯಾರೂ ಪರೀಕ್ಷಿಸುವುದಿಲ್ಲ ಎಂದ. ಅವಳು ಲಕ್ಷ್ಮಿದೇವಮ್ಮನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಅದನ್ನು ಭಯವೆಂದು ತಿಳಿದ. ಚಿಂತೆ ಬೇಡ, ನಮ್ಮಲ್ಲಿ ಒಮ್ಮೆ ಮುಚ್ಚಿದ ಕಡತ ಮುಚ್ಚಿದ್ದೇ, ಮುಂದೆ ಯಾರೂ ಬಂದು ನಿಮ್ಮ ಬಾಗಿಲು ಬಡಿಯುವುದಿಲ್ಲ ಎಂದು ಸಮಾಧಾನ ಮಾಡಿದ. ಕೆಟ್ಟವನೇನಲ್ಲ. ಅವನ ಮುಂದೆ ಕೂರುವ ನೂರು ಜನಕ್ಕೆ ಬೇಕಾದದ್ದೇ ಆ ಮಾತು. ನಿನ್ನೆ ಕೇಳಿದ್ದರೆ ಅವಳಿಗೂ ಅದೇ ಬೇಕಾಗಿತ್ತು. ಒಂದು ಗಂಟೆ ಕೊಡಿ ಎಂದು ಕೇಳಿ ಕರೆ ಮುಗಿಸಿದಳು. ಹಿಂದೆ ಸೌಮ್ಯ, ಕೈಯಲ್ಲಿ ಪೆನ್ನು ಹಿಡಿದೇ, ನಿಂತಿದ್ದಳು. ಹಾಕ್ಬುಡ್ಲಾ ಅಕ್ಕ ಎಂದಳು. ಗಿರಿಜಾಂಬಿಕಾ ಅವಳ ಕೈಯಿಂದ ಮೆತ್ತಗೆ ಪೆನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಈಗಲೇ ಮಾತಾಡಬಹುದೇ ಎಂದು ಚಿಕ್ಕದಕ್ಕೆ ಬರೆದು, ಜಗುಲಿಗೆ ಹೋಗಿ, ಅಪ್ಪಾ, ಒಂದು ಫೋನ್ ಬರುತ್ತೆ, ನೀವು ಬೆಳಿಗ್ಗೆ ನನಗೆ ಹೇಳಿದ್ದನ್ನೇ ಅವರಿಗೂ ಹೇಳಬೇಕು ಎಂದಳು.

ಚಿಕ್ಕದರ ಹೆಂಗಸಿಗೆ ಅರವತ್ತು ದಾಟಿತ್ತು. ಹಿಂದಿನ ಕಿಟಕಿಯಲ್ಲಿ ಕೊಳೆಯಾದ ಹಿಮ ಕಾಣುತ್ತಿತ್ತು. ಅದೇ ಪ್ರಶ್ನೆ ಕೇಳಿದಾಗ ಅವಳು ಮೊದಲು ಕಾನೂನಿನ ಮಾತೆತ್ತಿದಳು. ಹೆತ್ತವಳು ಬಂದು ಕೇಳಿದರೆ ಮಗು ಎಲ್ಲಿದೆಯೆಂದು ಹೇಳಲು ಕಾನೂನು ಬಿಡುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ ಎಂದಳು. ಆದರೆ ಅವಳು ಬಂದಿದ್ದಳೆಂಬುದನ್ನು ಬರೆದಿಡುತ್ತೇವೆ, ಅವಳು ಕೊಟ್ಟ ಕಾಗದವನ್ನು ಕಡತದಲ್ಲಿಡುತ್ತೇವೆ, ಮಗು ದೊಡ್ಡದಾಗಿ ಕೇಳಿದ ದಿನ ಇದ್ದದ್ದೆಲ್ಲವನ್ನೂ ಅದರ ಮುಂದೆ ಬಿಚ್ಚುತ್ತೇವೆ, ಅದು ನಿಮಗೆ ಇಷ್ಟವಿರಲಿ ಬಿಡಲಿ. ಇನ್ನೊಂದು ಮಾತು: ತೊಟ್ಟಿಲ ಕೂಸುಗಳಿಗಾಗಿ ಸಾವಿರಾರು ಜನ ಸಾಲಿನಲ್ಲಿದ್ದಾರೆ, ಯಾರೂ ಬರದೆ ಕಾಯುತ್ತಿರುವುದು ಐದು ದಾಟಿದ ಮಕ್ಕಳು. ಇದನ್ನು ಹೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ ಎಂದಳು. ಗಿರಿಜಾಂಬಿಕಾ ಎದ್ದು ಹೋಗಲಿಲ್ಲ. ಅಪ್ಪನ ಕಡೆ ಪರದೆ ತಿರುಗಿಸಿದಳು.

ಅಪ್ಪ ಶಲ್ಯ ಸರಿಮಾಡಿಕೊಂಡು, ಅಷ್ಟು ದೂರದ ಹೆಂಗಸಿಗೆ ಕೈಮುಗಿದು, ಮಗಳಿಗೆ ಹೇಳಿದರು: "ನಂಗೆ ಇಷ್ಟ ಇಲ್ಲ ಅನ್ನು. ಮಗು ಬಂದ್ರೆ ಬಾಗ್ಲು ಹಾಕಲ್ಲ. ಉಣ್ಣಕ್ಕೆ ಇಕ್ತೀವಿ, ಬಟ್ಟೆ ತರ್ತೀವಿ. ಮೊಮ್ಮಗು ಅಂತ ಕರುಳು ಮಿಡಿಯುತ್ತೋ ಇಲ್ವೋ ನಂಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಹೇಳು."

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವಳು ಅವಳೊಬ್ಬಳೇ. ಅಪ್ಪನಿಗೆ ಇಂಗ್ಲಿಷ್ ಬಾರದು, ಆ ಹೆಂಗಸಿಗೆ ಕನ್ನಡ ಬಾರದು. ನನ್ನ ತಂದೆಗೆ ತುಂಬ ಸಂತೋಷವಾಗಿದೆ ಎಂದರೆ ಮುಗಿಯಿತು. ಅಪ್ಪ ತಲೆಯಾಡಿಸುತ್ತಿದ್ದರು ಬೇರೆ. ನಾಲಿಗೆಯ ತುದಿಗೆ ಆ ವಾಕ್ಯ ಬಂದು ನಿಂತದ್ದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಾಟಲಿ ಸರಿಪಡಿಸಿದ ಕೈಗಳು ಅವು, ಸುಮ್ಮನಿರುವುದು ಅವಕ್ಕೆ ರೂಢಿ. ಅವಳು ಒಂದೊಂದೇ ಮಾತನ್ನು ಎತ್ತಿ, ಕರುಳು ಎಂಬುದಕ್ಕೆ ಪದ ಸಿಗದೆ ತಡವರಿಸಿ, ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಹೇಳಿ ಮುಗಿದರೂ ನಿಲ್ಲಿಸಲಾಗಲಿಲ್ಲ. ಹಿಂದಿನ ಮೆಟ್ಟಿಲು, ಬಿಳಿ ಕಾರು, ಹುಡುಗಿಯ ಒದ್ದೆ ರವಿಕೆ, ಬೆಳಗಿನ ಹೋಟೆಲು, ಎಲ್ಲ ಬಂತು. ಕಾಗದವಿಲ್ಲದೆ ಒಂದು ಮಗುವನ್ನು ಸಾಗಿಸಿದವಳು ನಾನು, ಇದು ನಿಮ್ಮ ಯಾವ ಪ್ರಶ್ನೆಯಲ್ಲೂ ಇಲ್ಲ, ಆದರೂ ನಿಮ್ಮ ಕಡತದಲ್ಲಿ ಇರಬೇಕು ಎಂದಳು. ಪರದೆಯ ಹೆಂಗಸು ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು.

"ಈಗೇನಂದೆ?"

ಇದನ್ನು ತಿರುಗಿಸುವುದು ಇನ್ನೂ ಕಷ್ಟವಾಗಿತ್ತು. ಇಂಗ್ಲಿಷಿನಲ್ಲಿ ಅದು ನಡೆದ ಸಂಗತಿಯಾಗಿತ್ತು, ಕನ್ನಡದಲ್ಲಿ ಅದಕ್ಕೆ ಲಕ್ಷ್ಮಿದೇವಮ್ಮನ ಮುಖವಿತ್ತು. ಊರು ಹೇಳದೆ, ಹೆಸರು ಹೇಳದೆ, ಉಳಿದದ್ದೆಲ್ಲವನ್ನೂ ಅಪ್ಪನಿಗೆ ಹೇಳಿದಳು. ಪರದೆಯ ಮೇಲಿನ ಹೆಂಗಸು ಕಾಯುತ್ತಿದ್ದಳು. ಅಪ್ಪ ಎದ್ದು ನಡುಮನೆಗೆ ಹೋದರು. ಗೋಡೆಯ ಮೇಲೆ, ಸ್ವಾಮಿಗಳ ಭಾವಚಿತ್ರದ ಪಕ್ಕ, ಡಾಕ್ಟರು ಬರೆದ ಆ ಅನುಭವ ಪತ್ರಕ್ಕೆ ಕಟ್ಟು ಹಾಕಿಸಿ ಅವರೇ ತೂಗುಹಾಕಿದ್ದರು. ಬಂದವರಿಗೆಲ್ಲ ತೋರಿಸಿದ್ದರು. ಅದನ್ನು ಮೊಳೆಯಿಂದ ಬಿಡಿಸಿ ತಂದು, ಮಗಳ ಮುಂದೆ ಮೇಜಿನ ಮೇಲೆ ಬೋರಲು ಹಾಕಿದರು. "ಹೇಳ್ದಲ್ಲ, ಒಳ್ಳೇದಾಯ್ತು" ಎಂದು ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಜಗುಲಿಗೆ ಹೋದರು. ಪರದೆಯ ಹೆಂಗಸು, ಇದನ್ನು ಸಮಿತಿಯ ಮುಂದೆ ಇಡಬೇಕಾಗುತ್ತದೆ, ಒಪ್ಪುತ್ತಾರೆಂದು ಮಾತು ಕೊಡಲಾರೆ ಎಂದಳು. ನಿಮ್ಮ ಕಡತಕ್ಕೆ ಬಂದ ಇಷ್ಟು ಮಾತುಗಳಲ್ಲಿ ನಮ್ಮನ್ನು ಮೆಚ್ಚಿಸಲು ಆಡದ ಮೊದಲ ಮಾತು ನಿಮ್ಮ ತಂದೆಯವರದು, ಅದಕ್ಕೆ ಅವರಿಗೆ ನನ್ನ ವಂದನೆ ತಿಳಿಸಿ ಎಂದಳು. ಏಳೂಮುಕ್ಕಾಲಿಗೆ ಗಿರಿಜಾಂಬಿಕಾ ದೊಡ್ಡದಕ್ಕೆ ಎರಡು ಸಾಲು ಬರೆದು, ನಾಲ್ಕು ಚೌಕಗಳ ಆ ಪುಟವನ್ನು ಖಾಲಿ ಬಿಟ್ಟೇ ಮುಚ್ಚಿದಳು. ಆ ಸಂಜೆ ಅವಳಿಗೆ ಹಸಿವಾಯಿತು. ಮೂರು ದಿನದಿಂದ ಆಗಿರಲಿಲ್ಲ. ಸೌಮ್ಯ ಬಡಿಸಿದ್ದನ್ನೆಲ್ಲ ಉಂಡಳು.

ನಲವತ್ತು ತುಂಬಿತು. ರಜೆ ಮುಗಿದು ಹೊರಟಳು. ನಲವತ್ತೊಂದು ದಿನ ಚಿಕ್ಕದರಿಂದ ಉತ್ತರವಿರಲಿಲ್ಲ. ಆ ದಿನಗಳಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ಅವಳು ತನ್ನನ್ನು ತಾನು ಪೆದ್ದಿಯೆಂದು ಬೈದುಕೊಂಡದ್ದಿದೆ; ಒಂದು ಸಹಿಯಿಂದ ಬರುತ್ತಿದ್ದ ಕೂಸನ್ನು ಬಾಯಿಬಿಟ್ಟು ಕಳೆದುಕೊಂಡೆನೆಂದು ಅತ್ತದ್ದಿದೆ. ನಲವತ್ತೆರಡನೆಯ ದಿನ ಒಪ್ಪಿಗೆ ಬಂತು, ಒಂದು ಷರತ್ತಿನೊಂದಿಗೆ: ನಡೆದದ್ದನ್ನು ದಿನಾಂಕ ಸಮೇತ ಬರೆದು ಊರಿನ ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಗೂ ಕೊಡಬೇಕು. ಬರೆದು ಕೊಟ್ಟಳು. ತಾಯಿಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಆ ವಿಷಯವನ್ನು ಹೋಟೆಲಿಗೆ ಫೋನು ಮಾಡಿ ಲಕ್ಷ್ಮಿದೇವಮ್ಮನಿಗೂ ತಿಳಿಸಿದ್ದಳು. ಶ್ರಾವಣದಲ್ಲಿ ಒಂದು ದಿನ ಲಕ್ಷ್ಮಿದೇವಮ್ಮನ ಫೋನು ಬಂತು. ಗಂಡನಿಗೆ ಹೇಳಿದ್ದಾಳಂತೆ. ಎರಡು ದಿನ ಮಾತು ಬಿಟ್ಟಿದ್ದನಂತೆ, ಮೂರನೆಯ ದಿನ ಹಿಟ್ಟು ರುಬ್ಬಿಕೊಟ್ಟನಂತೆ. "ನನ್ ಹೆಸ್ರು ಹಾಕಿ ಸಿಸ್ಟ್ರೇ. ಊರ ಹೆಸ್ರೂ ಹಾಕಿ. ಹುಡುಕ್ಕಂಡು ಬಂದ್ರೆ ದಾರಿ ಸಿಕ್ಲಿ." ಬಿಳಿ ಕಾರಿನಲ್ಲಿ ಹೋದ ಆ ಮಗಳು ಬರುತ್ತಾಳೋ ಇಲ್ಲವೋ ಯಾರಿಗೂ ತಿಳಿಯದು. ಈಗ ಅವಳಿಗೆ ಹದಿನೆಂಟು ನಡೆಯುತ್ತಿರಬೇಕು.

ಮಾರನೆಯ ವರ್ಷ ಉತ್ತರ ಕರ್ನಾಟಕದ ಊರೊಂದರ ಮಕ್ಕಳ ಮನೆಯಿಂದ ಕೃತಿಕಾಳ ಕಡತ ಬಂತು. ಆರೂವರೆ ವರ್ಷ, ಎಡಗಿವಿ ಕೇಳುವುದಿಲ್ಲ, ಮೂರು ಕುಟುಂಬಗಳು ಫೋಟೋ ನೋಡಿ ಬೇಡವೆಂದಿವೆ. ಫೋಟೋದಲ್ಲಿ ಅವಳು ಕ್ಯಾಮರಾವನ್ನು ಅನುಮಾನದಿಂದ ನೋಡುತ್ತಿದ್ದಳು. ಗಿರಿಜಾಂಬಿಕಾ ಕಡತವನ್ನು ಕಡೆಯ ಪುಟದವರೆಗೆ ಓದಿದಳು; ಏನು ತಿಳಿದಿಲ್ಲವೋ ಅಲ್ಲೆಲ್ಲ ತಿಳಿದಿಲ್ಲವೆಂದೇ ಬರೆದಿತ್ತು. ಅವಳು ಓದುತ್ತ ಅಳಲಿಲ್ಲ, ಎದ್ದು ಅಡುಗೆಮನೆಯಲ್ಲಿ ಎರಡು ಸುತ್ತು ನಡೆದು, ಹೌದೆಂದು ಬರೆದಳು.

ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುವ ದಿನ ಅಪ್ಪನೂ ತಿಪಟೂರಿನಿಂದ ರೈಲು ಹತ್ತಿ ಬಂದಿದ್ದರು. ಯಾಕೆ ಬಂದಿರಿ ಎಂದು ಅವಳು ಕೇಳಲಿಲ್ಲ. ಒಬ್ಬಳೇ ಎರಡು ಚೀಲ ಹೊರಬೇಕಲ್ಲ ಎಂದು ಅವರೇ ಹೇಳಿದರು. ಮಗು ಮೂರು ದಿನದಿಂದ ಇವಳ ಜೊತೆ ಓಡಾಡುತ್ತಿತ್ತು, ತುಂಬ ಮಾತಾಡಿರಲಿಲ್ಲ. ತಿನ್ನಲು ಕೊಟ್ಟದ್ದನ್ನು ತಿರುಗಿಸಿ ನೋಡಿ ತಿನ್ನುತ್ತಿತ್ತು, ಬೀದಿ ದಾಟುವಾಗ ಇವಳ ಬೆರಳಿನ ಬದಲು ಸೆರಗಿನ ತುದಿ ಹಿಡಿಯುತ್ತಿತ್ತು. ದತ್ತಿನ ಆದೇಶಕ್ಕೆ ಸಹಿ ಬೀಳುವ ಮೊದಲು, ಐದು ದಾಟಿದ ಮಗುವಾದ್ದರಿಂದ, ಅದರ ಒಪ್ಪಿಗೆಯನ್ನು ಕೇಳಬೇಕಿತ್ತು. ಗಿರಿಜಾಂಬಿಕಾಗೆ ಬೆಳಗಿನಿಂದ ಇದೇ ಹೆದರಿಕೆ. ಇಷ್ಟು ದಿನ ಆರಿಸಿದವಳು ತಾನು. ಈಗ ತಾನು ಆ ಮೇಜಿನ ಈಚೆ, ಬೆಲೆ ಕಟ್ಟಲು ಕೂರಿಸಿದ ಸರಕಿನ ಹಾಗೆ ಕೂತಿದ್ದಳು. ಹಾಗೆ ಕೂರುವುದು ನ್ಯಾಯವೇ ಆಗಿತ್ತು.

ಅಧಿಕಾರಿ ಕಡತದ ಮೇಲೆಯೇ ಕಣ್ಣಿಟ್ಟು, ಈ ಅಮ್ಮನ ಜೊತೆ ಹೋಗಲು ನಿನಗೆ ಇಷ್ಟ ಇದೆಯಾ ಎಂದು ಕೇಳಿದರು. ಮಗು ತನ್ನ ಬಲಗಿವಿಯನ್ನು ಅವರ ಕಡೆ ತಿರುಗಿಸಿಕೊಂಡಿತ್ತು. ಗಿರಿಜಾಂಬಿಕಾಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಹೂಂ ಎಂದಿತು. ಸಣ್ಣ ದನಿ. ಫ್ಯಾನಿನ ಸದ್ದಿನಲ್ಲಿ ಅಧಿಕಾರಿಗೆ ಕೇಳಿಸಲಿಲ್ಲ. ಏನಂದೆ, ಜೋರಾಗಿ ಹೇಳಮ್ಮ ಎಂದರು. ಮಗು ಇನ್ನೊಮ್ಮೆ ಹೂಂ ಎಂದಿತು. ಅವರು ಪೆನ್ನು ಹಿಡಿದು ಮತ್ತೆ ಆಂ ಎಂದರು. ಕೃತಿಕಾ ಕುರ್ಚಿಯಿಂದಿಳಿದು, ಮೇಜು ಬಳಸಿಕೊಂಡು ಹೋಗಿ, ಅವರ ಮುಖವನ್ನು ಕರುಣೆಯಿಂದ ನೋಡಿದಳು.

"ನಿಮಗೂ ಒಂದ ಕಿವಿ ಕೇಳಂಗಿಲ್ಲೇನ್ರೀ?"

ಆಮೇಲೆ ಅವರ ಇನ್ನೊಂದು ಕಿವಿಯ ಕಡೆಗೆ ಹೋಗಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಗುಮಾಸ್ತರು ತಲೆಯೆತ್ತುವ ಹಾಗೆ, ಹೊರಗಿನ ಬೆಂಚಿನ ಮೇಲೆ ಕೂತಿದ್ದ ಶಂಭುಲಿಂಗಯ್ಯ ಎದ್ದು ನಿಲ್ಲುವ ಹಾಗೆ ಕೂಗಿದಳು: "ಹೂಂ ಅಂದ್ನೆಲ್ರೀ! ನಾ ಇವ್ರ ಜೋಡಿನ ಹೋಗಾಕಿ!"